ತಂದೆ 15, ಮಗು 13: ಡಿ8ಎಸ್1179 ಒಂದರಲ್ಲಿ ಮಾತ್ರ ತಾಳೆ ಬೀಳುತ್ತಿಲ್ಲ

ಪಿಪೆಟ್:
ಪಿತೃತ್ವ ಪರೀಕ್ಷೆಯ ಕೇಸು. ತಾಯಿ, ಮಗು, ತಂದೆ ಎನ್ನಲಾದವರು, ಮೂವರದೂ ಎಫ್‌ಟಿಎ ಕಾರ್ಡಿನ (ರಕ್ತ ಒಣಗಿಸಿಡುವ ಕಾಗದದ) ರಕ್ತ. 15 ಎಸ್‌ಟಿಆರ್ ಲೋಕಸ್‌ಗಳ (ಸಣ್ಣ ತುಣುಕೊಂದು ಮತ್ತೆ ಮತ್ತೆ ಬರುವ ಡಿಎನ್‌ಎ ಜಾಗಗಳ) ಕಿಟ್, 1 ನ್ಯಾನೋಗ್ರಾಂ ಡಿಎನ್‌ಎ, ಪಿಸಿಆರ್ (ಡಿಎನ್‌ಎ ಪ್ರತಿ ಹೆಚ್ಚಿಸುವ ಕ್ರಿಯೆ) 28 ಸೈಕಲ್, ಅನೀಲಿಂಗ್ (ನಕಲು ಶುರುಮಾಡುವ ಡಿಎನ್‌ಎ ತುಣುಕಾದ ಪ್ರೈಮರ್ ಅಂಟುವ ಹಂತ) 59 ಡಿಗ್ರಿ. 14 ಲೋಕಸ್‌ಗಳಲ್ಲಿ ತೊಂದರೆಯಿಲ್ಲ. ಡಿ8ಎಸ್1179 ಎಂಬ ಲೋಕಸ್‌ನಲ್ಲಿ ತಾಯಿ 13,14 (ಅಂಕಿಗಳು ರಿಪೀಟ್‌ಗಳ ಸಂಖ್ಯೆ; ಒಬ್ಬೊಬ್ಬರಿಗೂ ಒಂದು ತಾಯಿಯಿಂದ, ಒಂದು ತಂದೆಯಿಂದ). ಮಗುವಿಗೆ ಬರೀ 13. ತಂದೆಗೆ ಬರೀ 15. ಎರಡನೇ ಸಲ ಓಡಿಸಿದರೂ ಅದೇ. ತಂದೆಯಲ್ಲ ಎಂದು ಬರೆಯಲೇ, ಮ್ಯುಟೇಶನ್ ಎಂದು ಬರೆಯಲೇ?

ಲ್ಯಾಡರ್:
ಸದ್ಯಕ್ಕೆ ಎರಡೂ ಬೇಡ. ಒಂದು ಲೋಕಸ್ ತಪ್ಪಿದ ಮಾತ್ರಕ್ಕೆ ಯಾರನ್ನೂ ತಂದೆಯಲ್ಲ ಎನ್ನುವಂತಿಲ್ಲ. ಎಸ್‌ಟಿಆರ್‌ನಲ್ಲಿ ಸಾವಿರಕ್ಕೆ ಒಂದೆರಡು ಸಲ ಮ್ಯುಟೇಶನ್ ಆಗುತ್ತದೆ. ಆದರೆ ಆದಾಗಲೂ ಬಹುಪಾಲು ಒಂದೇ ರಿಪೀಟ್ ಹೆಚ್ಚು ಕಡಿಮೆ: 15 ಇದ್ದದ್ದು 14 ಇಲ್ಲವೇ 16. ನಿಮ್ಮಲ್ಲಿ 15ರಿಂದ 13ಕ್ಕೆ ಎರಡು ಮೆಟ್ಟಿಲು ಇಳಿಯಬೇಕು.

ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ತಂದೆಗೂ ಒಂದೇ ಪೀಕ್ (ಗ್ರಾಫಿನ ಶಿಖರ), ಮಗುವಿಗೂ ಒಂದೇ ಪೀಕ್. ಇದು ನಲ್ ಅಲೀಲ್‌ನ ಮಾದರಿ (ಅಲೀಲ್ ಎಂದರೆ ಲೋಕಸ್‌ನ ಒಂದು ರೂಪ; ನಲ್ ಎಂದರೆ ಇದ್ದೂ ಕಾಣದ್ದು). ಪ್ರೈಮರ್ ಕೂರುವ ಜಾಗದಲ್ಲಿ ಒಂದು ಬೇಸ್ (ಡಿಎನ್‌ಎಯ ಒಂದು ಅಕ್ಷರ) ಬದಲಾಗಿದ್ದರೆ ಪ್ರೈಮರ್ ಅಂಟದೇ ಹೋಗಬಹುದು. ಆಗ ಅಲೀಲ್ ಇದ್ದರೂ ಪೀಕ್ ಬರುವುದಿಲ್ಲ. ಕಾಣದ ಆ ಅಲೀಲನ್ನೇ ತಂದೆ ಮಗುವಿಗೆ ಕೊಟ್ಟಿರಬಹುದು. ಡಿ8ರ ಪೀಕ್ ಎತ್ತರ ಎಷ್ಟಿದೆ? ಅದೇ ನೀಲಿ ಡೈನಲ್ಲಿ (ಲೋಕಸ್ ಗುರುತಿಸುವ ಬಣ್ಣದಲ್ಲಿ) ಡಿ21ಎಸ್11 ಎಂಬ ಇನ್ನೊಂದು ಲೋಕಸ್ ಎಷ್ಟಿದೆ?

ಪಿಪೆಟ್:
ತಂದೆಯ ಡಿ8: 1,950 ಆರ್‌ಎಫ್‌ಯು (ಪೀಕ್ ಎತ್ತರದ ಅಳತೆ). ಡಿ21ರಲ್ಲಿ ಎರಡು ಪೀಕ್: 1,880, 1,790. ಮಗುವಿನಲ್ಲೂ ಹೆಚ್ಚು ಕಡಿಮೆ ಹೀಗೇ.

ಲ್ಯಾಡರ್:
ನೋಡಿ, 15,15 ಆಗಿದ್ದರೆ ಎರಡು ಪ್ರತಿ ಸೇರಿ 3,500ರ ಆಸುಪಾಸು ಬರಬೇಕಿತ್ತು. ನಿಮಗೆ ಬಂದಿರುವುದು ಒಂದು ಪ್ರತಿಯ ಎತ್ತರ. ಲೋಕಸ್‌ನಿಂದ ಲೋಕಸ್‌ಗೆ ಏರುಪೇರು ಸಹಜ, ಹಾಗಾಗಿ ಇದು ಸುಳಿವು ಮಾತ್ರ, ಸಾಕ್ಷ್ಯವಲ್ಲ. ಡಿಎನ್‌ಎ ಸಾಲದೆ ಅಲೀಲ್ ಬಿದ್ದುಹೋಗಿದೆ ಎನ್ನಲು ಈ ಎತ್ತರ ಬಿಡುವುದಿಲ್ಲ.

ಮೊದಲು ಸ್ಯಾಂಪಲ್ ಅದಲುಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ: ಮೂರೂ ಕಾರ್ಡಿನಿಂದ ಹೊಸ 1.2 ಮಿ.ಮೀ. ಪಂಚ್ (ಕತ್ತರಿಸಿದ ಚಿಕ್ಕ ಚಕ್ಕೆ) ತೆಗೆದು ಮೊದಲಿನಿಂದ ಮಾಡಿ. ಆಮೇಲೆ ಬೇರೆ ಕಂಪನಿಯ ಕಿಟ್. ಅದೇ ಕಂಪನಿಯ ಹೊಸ ಕಿಟ್‌ನಲ್ಲಿ ಹಳೇ ಪ್ರೈಮರೇ ಇದ್ದರೆ ಪ್ರಯೋಜನವಿಲ್ಲ. ಬೇರೆ ಕಿಟ್ ಕೈಯಲ್ಲಿಲ್ಲದಿದ್ದರೆ ಅನೀಲಿಂಗನ್ನು 56 ಡಿಗ್ರಿಗೆ ಇಳಿಸಿ ನೋಡಿ. ಅಡಗಿದ ಅಲೀಲ್ ಸಣ್ಣ ಪೀಕ್ ಆಗಿ ಏಳುವುದುಂಟು. ಆ ರನ್ನನ್ನು ವರದಿಗೆ ಆಧಾರ ಮಾಡಬೇಡಿ, ಹಿನ್ನೆಲೆಯ ಗಲೀಜೂ ಏಳುತ್ತದೆ.

ಸ್ಟಟರ್:
ಒಂದು ಸೇರಿಸುತ್ತೇನೆ. ಬೇರೆ ಕಿಟ್‌ನಲ್ಲೂ 15, 13 ಎಂದೇ ಬಂದರೆ ತಂದೆಯ ಅಣ್ಣತಮ್ಮಂದಿರನ್ನು ಮರೆಯಬೇಡಿ. ಅಂಥವರೇ ನಿಜವಾದ ತಂದೆಯಾಗಿದ್ದಾಗಲೂ ಒಂದೆರಡು ಲೋಕಸ್ ಮಾತ್ರ ತಪ್ಪುವುದುಂಟು. ಗಂಡುಮಗು ಎಂದು ವೈ-ಎಸ್‌ಟಿಆರ್ (ವೈ ಕ್ರೋಮೋಸೋಮಿನ ಎಸ್‌ಟಿಆರ್ ಪರೀಕ್ಷೆ) ಹಾಕಿ ನೆಮ್ಮದಿಯಾಗುವವರಿದ್ದಾರೆ. ಒಂದೇ ತಂದೆಯ ಮಕ್ಕಳಿಗೆ ವೈ ಒಂದೇ, ಅದರಿಂದ ಇದು ಬಗೆಹರಿಯದು. ಆಟೋಸೋಮಲ್ (ಲಿಂಗ ಕ್ರೋಮೋಸೋಮಿನಲ್ಲಿಲ್ಲದ) ಲೋಕಸ್‌ಗಳನ್ನೇ 20ರ ಮೇಲಕ್ಕೆ ಏರಿಸಿ.

ಪಿಪೆಟ್:
ಬೇರೆ ಕಂಪನಿಯ ಕಿಟ್‌ನಲ್ಲಿ ಬಂತು. ತಂದೆ 15,16, ಮಗು 13,16. ಹೊಸ ಪಂಚ್‌ನಲ್ಲೂ ಅದೇ. ಇನ್ನು ಲೆಕ್ಕ ಹೇಗೆ?

ಲ್ಯಾಡರ್:
ಆ ಲೋಕಸ್‌ಗೆ ಈಗ ಮ್ಯುಟೇಶನ್ ಲೆಕ್ಕ ಬೇಕಿಲ್ಲ. 16ರ ಆವರ್ತನ (ಜನರಲ್ಲಿ ಅದು ಕಾಣುವ ಪ್ರಮಾಣ) ಪಿ ಆದರೆ ಪಿತೃತ್ವ ಸೂಚ್ಯಂಕ (ಈತನೇ ತಂದೆಯಾಗಿದ್ದರೆ ಈ ಫಲಿತಾಂಶ ಎಷ್ಟು ಪಟ್ಟು ಹೆಚ್ಚು ಸಂಭವ ಎಂಬ ಅಂಕಿ) 1/(2ಪಿ). ವರದಿಯಲ್ಲಿ ಎರಡೂ ಕಿಟ್‌ನ ಫಲಿತಾಂಶ ಕಾಣಿಸಿ, ಎಲ್ಲ ಲೋಕಸ್‌ಗಳ ಸೂಚ್ಯಂಕಗಳ ಗುಣಾಕಾರಕ್ಕೆ ಡಿ8 ಒಂದೇ ಸಲ. ತಾಳೆ ಬೀಳದ ಲೋಕಸನ್ನು ಸದ್ದಿಲ್ಲದೆ ಬಿಟ್ಟು 14ರ ಲೆಕ್ಕ ಕೊಡುವ ಚಾಳಿ ಕೆಲವು ಕಡೆ ಇದೆ. ಪಾಟೀಸವಾಲಿನಲ್ಲಿ ಮೊದಲು ಬೀಳುವ ಹೊಡೆತ ಅದಕ್ಕೇ.

ಸ್ಟಟರ್:
ಅಪರಾಧ ವಿಭಾಗದವರಿಗೂ ಇದೇ ಗುಂಡಿ. ಕೃತ್ಯದ ಜಾಗದಲ್ಲಿ ಸಿಕ್ಕ ರಕ್ತದ ಕಲೆಯನ್ನು ಒಂದು ಕಿಟ್‌ನಲ್ಲಿ, ಶಂಕಿತನ ರಕ್ತವನ್ನು ಇನ್ನೊಂದರಲ್ಲಿ ಓಡಿಸಿದರೆ ಒಬ್ಬನದೇ ಡಿಎನ್‌ಎ ಇಲ್ಲಿ 15, ಅಲ್ಲಿ 15,16 ಎಂದು ತೋರುತ್ತದೆ. ಕಡತದಲ್ಲಿ ಪ್ರತಿ ಪ್ರೊಫೈಲ್ ಪಕ್ಕ ಕಿಟ್‌ನ ಹೆಸರು ಬರೆದಿಡಿ, ಹುಡುಕುವಾಗ ಒಂದು ಅಲೀಲ್ ವ್ಯತ್ಯಾಸಕ್ಕೆ ಅವಕಾಶ ಬಿಡಿ.