ಕೊಳವೆಮಾರ್ಗದ ಪಕ್ಕದಲ್ಲಿರುವ ಫೈಬರ್ ಕೇಬಲ್ ಕೊಳವೆಯ ಬಾಗುವಿಕೆಯನ್ನು ತಿಳಿಸಬಲ್ಲದೆ?

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿ):
ಮಂಗಳೂರು–ಹಾಸನ–ಬೆಂಗಳೂರು ತೈಲಮಾರ್ಗದಂತೆ ಘಟ್ಟವನ್ನು ಹಾದುಬರುವ ಉಕ್ಕಿನ ಕೊಳವೆಯು ಮಣ್ಣು ಜರುಗಿದಾಗ ಬಾಗುವುದನ್ನು ಮೊದಲೇ ಗುರುತಿಸುವ ಬಗೆಯನ್ನು ಅಭ್ಯಸಿಸುತ್ತಿದ್ದೇನೆ. ಇಂಥ ಮಾರ್ಗಗಳಲ್ಲಿ ಸಂಪರ್ಕಕ್ಕೆಂದು ಅದೇ ಕಂದಕದಲ್ಲಿ ಆಪ್ಟಿಕಲ್ ಫೈಬರ್ ಕೇಬಲ್ ಹೂಳುವುದು ವಾಡಿಕೆ. ಅದರಲ್ಲಿ ಬಳಸದೆ ಉಳಿದ ಒಂದು ಎಳೆಗೆ ಬ್ರಿಲ್ವಾ ಮಾಪಕವನ್ನು (ಎಳೆಯೊಳಗೆ ಚದುರಿ ಹಿಂದಿರುಗುವ ಬೆಳಕಿನ ಆವೃತ್ತಿ ಎಷ್ಟು ಸರಿಯಿತೆಂದು ಅಳೆಯುವ ಉಪಕರಣ) ಜೋಡಿಸಿದರೆ ಮೀಟರ್ ಮೀಟರಿಗೂ ಸ್ಟ್ರೈನ್ (ಉದ್ದದ ಹಿಗ್ಗು-ಕುಗ್ಗಿನ ಪ್ರಮಾಣ) ಸಿಗುತ್ತದೆಂದು ಭಾವಿಸಿದ್ದೆ; ಮಾರ್ಗದರ್ಶಕರು ಒಪ್ಪುತ್ತಿಲ್ಲ. ತಪ್ಪು ಎಲ್ಲಿದೆ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಉಪಕರಣ ವಿಭಾಗದ ಎಂಜಿನಿಯರ್):
ಮಾಪಕದಲ್ಲಿ ತಪ್ಪಿಲ್ಲ, ಕೇಬಲ್ಲಿನಲ್ಲಿದೆ. ಸಂಪರ್ಕದ ಕೇಬಲ್ಲಿನಲ್ಲಿ ಗಾಜಿನ ಎಳೆಗಳು ಜೆಲ್ ತುಂಬಿದ ನಳಿಕೆಯೊಳಗೆ, ನಳಿಕೆಗಿಂತ ತುಸು ಉದ್ದವಾಗಿಯೇ, ಸಡಿಲವಾಗಿ ಮಲಗಿರುತ್ತವೆ. ಕೇಬಲ್ಲನ್ನು ಎಳೆದರೂ ಎಳೆಗೆ ಸೆಳೆತ ತಗುಲಬಾರದೆಂದೇ ಅದನ್ನು ಹಾಗೆ ತಯಾರಿಸುತ್ತಾರೆ. ನಿಮಗೆ ಬೇಕಾದದ್ದು ಅದಕ್ಕೆ ತೀರಾ ವಿರುದ್ಧವಾದ ಗುಣ. ಡಕ್ಟಿನೊಳಗೆ (ಹೂತಿಟ್ಟ ರಕ್ಷಣಾ ನಳಿಕೆ) ಗಾಳಿಯಿಂದ ಊದಿ ಹಾಕಿದ ಕೇಬಲ್ಲಾಗಿದ್ದರಂತೂ ಮಣ್ಣಿನ ಚಲನೆಯೂ ಅದನ್ನು ಸರಿಯಾಗಿ ಮುಟ್ಟದು.

ಬಾಗುವಿಕೆ ತಿಳಿಯಬೇಕಾದರೆ ಎಳೆಯು ಕವಚಕ್ಕೆ ಬಿಗಿದುಕೊಂಡಿರುವ ಸ್ಟ್ರೈನ್ ಕೇಬಲ್ಲುಗಳನ್ನು ಕೊಳವೆಯ ಮೈಗೇ ಅಂಟಿಸಬೇಕು. ಗಡಿಯಾರದ 12, 4 ಮತ್ತು 8ರ ಸ್ಥಾನಗಳಲ್ಲಿ ಮೂರು ಸಾಲುಗಳಿದ್ದರೆ ಉದ್ದಕ್ಕೆ ಬಿದ್ದ ಎಳೆತವನ್ನೂ ಬಾಗಿನಿಂದಾದದ್ದನ್ನೂ ಬೇರ್ಪಡಿಸಬಹುದು. ಇನ್ನೊಂದು ತೊಡಕು ಉಷ್ಣಾಂಶದ್ದು. ಬ್ರಿಲ್ವಾ ಆವೃತ್ತಿಯು 1 ಡಿಗ್ರಿಗೆ ಸುಮಾರು 1 ಮೆಗಾಹರ್ಟ್ಸ್, 1 ಮೈಕ್ರೋಸ್ಟ್ರೈನಿಗೆ (ಉದ್ದದ ಹತ್ತು ಲಕ್ಷದಲ್ಲೊಂದು ಭಾಗದ ಹಿಗ್ಗು) ಸುಮಾರು 0.05 ಮೆಗಾಹರ್ಟ್ಸ್ ಸರಿಯುವುದರಿಂದ, ತೈಲ 1 ಡಿಗ್ರಿ ಬಿಸಿಯಾದರೂ 20 ಮೈಕ್ರೋಸ್ಟ್ರೈನ್ ಬಂದಂತೆ ತೋರುತ್ತದೆ. ಉಕ್ಕಿನಲ್ಲಿ ಅದು ಸುಮಾರು 4 ಮೆಗಾಪಾಸ್ಕಲ್ ಸ್ಟ್ರೆಸ್ಸಿಗೆ (ಲೋಹದೊಳಗಿನ ಒತ್ತಡ) ಸಮ. ಈ ಭಾಗವನ್ನು ಕಳೆಯಲು ಪಕ್ಕದಲ್ಲಿ ಸಡಿಲ ಎಳೆಯೊಂದು ಬೇಕೇ ಬೇಕು. ನೀವು ಸ್ಟ್ರೈನಿಗೆಂದು ಆರಿಸಿದ ಮಾದರಿಯ ಕೇಬಲ್ಲಿಗೆ ಕೆಲಸ ಇರುವುದು ಇಲ್ಲಿ, ಆದರೆ ಅದೂ ಕೊಳವೆಗೆ ತಾಗಿಕೊಂಡಿರಬೇಕು.

ಉತ್ತರ (ನೀರು ಸರಬರಾಜಿನಲ್ಲಿ ದುಡಿದು ನಿವೃತ್ತನಾದವನು):
ಮೇಲಿನವರ ಮಾತು ಸರಿ. ಆದರೂ ಹಳೆಯ ಕೇಬಲ್ಲನ್ನು ಬದಿಗೆ ತಳ್ಳಬೇಡಿ: ಸ್ಟ್ರೈನ್ ಅರಿಯದ ಕೇಬಲ್ಲಿಗೆ ಕಿವಿ ಇರುತ್ತದೆ. ಕಂದಕದ ಬಳಿ ಯಾರಾದರೂ ಅಗೆದರೆ ಆ ಕಂಪನವನ್ನು ರೇಲೀ ಚದುರುವಿಕೆಯಿಂದ (ಗಾಜಿನಲ್ಲಿ ಆವೃತ್ತಿ ಬದಲಾಗದೆ ಚದುರಿ ಹಿಂದಿರುಗುವ ಬೆಳಕು) ಹಿಡಿಯಬಹುದು. ತೈಲಗಳ್ಳರನ್ನು ಪತ್ತೆಹಚ್ಚುವ ವ್ಯವಸ್ಥೆಗಳು ನಡೆಯುವುದು ಹೀಗೆಯೇ. ಅಮೆರಿಕದ ಮೇರಿಲ್ಯಾಂಡಿನಲ್ಲಿ 2008ರ ಡಿಸೆಂಬರ್ 23ರಂದು 66 ಅಂಗುಲದ ಕಾಂಕ್ರೀಟ್ ಕೊಳವೆಯೊಡೆದು ರಿವರ್ ರಸ್ತೆಯೇ ಹೊಳೆಯಾಯಿತು, ಕಾರುಗಳಲ್ಲಿ ಸಿಲುಕಿದವರನ್ನು ಹೆಲಿಕಾಪ್ಟರಿನಿಂದಲೂ ದೋಣಿಯಿಂದಲೂ ರಕ್ಷಿಸಬೇಕಾಯಿತು. ಅಲ್ಲಿನ ಜಲಸಂಸ್ಥೆಯು ಇಂಥ ಕೊಳವೆಗಳ ಒಳಗೇ ಫೈಬರ್ ಹಾಕಿ, ಕಾಂಕ್ರೀಟನ್ನು ಬಿಗಿದಿಡುವ ಪೂರ್ವಬಿಗಿತದ ಉಕ್ಕಿನ ತಂತಿಗಳು ಒಂದೊಂದಾಗಿ ತುಂಡಾಗುವ ಸದ್ದನ್ನು ಕೇಳಿಸಿಕೊಳ್ಳುತ್ತದೆ. 2013ರ ಜುಲೈನಲ್ಲಿ ಪ್ರಿನ್ಸ್ ಜಾರ್ಜ್ ಕೌಂಟಿಯ 54 ಅಂಗುಲದ ಕೊಳವೆ ಸೋಲುತ್ತಿರುವುದು ಒಡೆಯುವ ಮೊದಲೇ ತಿಳಿದದ್ದು ಹಾಗೆ. ನಿಮ್ಮ ಉಕ್ಕಿನ ಕೊಳವೆಯಲ್ಲಿ ಸದ್ದು ಮಾಡುವ ತಂತಿಗಳಿಲ್ಲ. ಆದ್ದರಿಂದ ಆ ಪದ್ಧತಿಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ತುಕ್ಕು ಹಿಡಿದು ಗೋಡೆಯಲ್ಲಿ ಬಿದ್ದ ಸಣ್ಣ ಗುಳಿಗಳೂ ಈ ಮೂರು ಸಾಲುಗಳಿಗೆ ಕಾಣುತ್ತವೆಯೇ?

ಉತ್ತರ (ಉಪಕರಣ ವಿಭಾಗದ ಎಂಜಿನಿಯರ್):
ಗುಳಿಯು ಸಾಲಿನ ಅಡಿಯಲ್ಲೇ ಬೀಳದಿದ್ದರೆ ಕಾಣುವುದಿಲ್ಲ, ಬಿದ್ದರೂ ಮಾಪಕ ತೋರುವ 1 ಮೀಟರಿನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅದಕ್ಕೆ ಕಾಲಕಾಲಕ್ಕೆ ಕೊಳವೆಯೊಳಗೆ ಕಾಂತೀಯ ಪಿಗ್ (ಒಳಗೆ ಸಾಗುತ್ತ ಕಾಂತಕ್ಷೇತ್ರದಿಂದ ಗೋಡೆಯನ್ನು ಪರೀಕ್ಷಿಸುವ ಸಾಧನ) ಓಡಿಸುವುದೇ ದಾರಿ. ಪ್ರಾಜೆಕ್ಟನ್ನು ಜರುಗುವ ಇಳಿಜಾರುಗಳಿಗೆ ಸೀಮಿತಗೊಳಿಸಿ. ಹೂತ ಕೊಳವೆಯನ್ನು ಅಗೆದು, ಕೋಟಿಂಗಿಗೆ ಪೆಟ್ಟಾಗದಂತೆ ಕೇಬಲ್ ಅಂಟಿಸುವ ಖರ್ಚು ಅಂಥ ಕೆಲವು ನೂರು ಮೀಟರುಗಳಲ್ಲಿ ಮಾತ್ರ ಗಿಟ್ಟುತ್ತದೆ.