ಜಿಪ್ಸಿಯ ಮಡ್‌ಗಾರ್ಡ್ ಕತ್ತರಿಸಿದೆ, ಅಂಚು ಡೊಂಕಾಯಿತು, ಟೈರ್ ಇನ್ನೂ ಉಜ್ಜುತ್ತಿದೆ

ಗಿರಿನಗರ_ಜಿಪ್ಸಿ:
ಎರಡು ಭಾನುವಾರ ಇದರಲ್ಲೇ ಹೋದವು. ದೊಡ್ಡ ಟೈರ್ ಹಾಕಿಸಿದ ಮೇಲೆ ಮುಂದಿನ ಮಡ್‌ಗಾರ್ಡಿಗೆ ತಾಗತೊಡಗಿತು. ಮನೆಯ ಮುಂದೆಯೇ ಗಾಡಿ ನಿಲ್ಲಿಸಿ ನಾಲ್ಕಿಂಚಿನ ಗ್ರೈಂಡರಿನಿಂದ ಎರಡೂ ಕಡೆ ಕತ್ತರಿಸಿದೆ. ಸಾಲಲಿಲ್ಲ, ಮುಂದಿನ ವಾರ ಮತ್ತೊಂದು ಬೆರಳಿನಷ್ಟು ತೆಗೆದೆ. ಈಗ ಅಂಚು ಹಾವು ಹರಿದಂತಿದೆ, ಬಣ್ಣ ಸುಟ್ಟು ಗುಳ್ಳೆ ಎದ್ದಿದೆ, ಓಡುವಾಗ ತಗಡು ಪಟಪಟ ಬಡಿದುಕೊಳ್ಳುತ್ತದೆ. ಇಷ್ಟಾದರೂ ಉಜ್ಜುವುದು ನಿಂತಿಲ್ಲ. ಇನ್ನೆಷ್ಟು ತೆಗೆಯಬೇಕು? ಅಚ್ಚುಕಟ್ಟಾಗಿ ಕತ್ತರಿಸುವುದು ಹೇಗೆ? ಅಪ್ಪ ಕೊಂಡ ಗಾಡಿ ಇದು, ನನ್ನ ಕೈಯಾರೆ ಕೆಡಿಸಿದೆನೆಂಬ ಸಂಕಟ ಹೇಳತೀರದು.

ಕೆಂಗೇರಿ_ಕೆಸರು:
ಡಿಸ್ಕ್ ಯಾವುದು ಸರ್? ದಪ್ಪ ಡಿಸ್ಕ್ ಆಗಿರಬೇಕು. ತೆಳು ತಗಡಿಗೆ 1 ಮಿ.ಮೀ. ಡಿಸ್ಕೇ ಬೇಕು. ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿಯೂ ಕೊಡುತ್ತಾರೆ. ದಪ್ಪ ಡಿಸ್ಕ್ ಕೊಯ್ಯುವುದಕ್ಕಿಂತ ಉಜ್ಜುವುದೇ ಹೆಚ್ಚು, ಅದರಿಂದಲೇ ಬಣ್ಣ ಸುಡುತ್ತದೆ.

ಗಿರಿನಗರ_ಜಿಪ್ಸಿ:
1 ಮಿ.ಮೀ. ಡಿಸ್ಕನ್ನೇ ಬಳಸಿದೆ.

ಕೆಂಗೇರಿ_ಕೆಸರು:
ಹಾಗಾದರೆ ಒಂದೇ ಕಡೆ ಬಹಳ ಹೊತ್ತು ಒತ್ತಿ ಹಿಡಿದಿದ್ದೀರಿ. ಡಿಸ್ಕ್ ಸವೆದು ಚಿಕ್ಕದಾದ ಮೇಲೆ ಅಂಚಿನ ವೇಗ ತಗ್ಗುತ್ತದೆ, ಆಗಲೂ ತಗಡು ಕಾಯುತ್ತದೆ. ಹೊಸ ಡಿಸ್ಕ್ ಹಾಕಿ ಇನ್ನೊಂದು ಸಲ ಮೇಲಿನಿಂದ ಗೆರೆ ಎಳೆದು ಕತ್ತರಿಸಿ.

ಎಂಎಂ540_ಯಲಹಂಕ:
ಇನ್ನೊಂದು ಸಲ ಕತ್ತರಿಸಿ ಎಂದು ಯಾರೂ ಹೇಳಬೇಡಿ. ಟೈರಿನ ಅಳತೆ ಏನು, ರಿಮ್ ಯಾವುದು, ಎಲ್ಲಿ ಉಜ್ಜುತ್ತದೆ, ನೇರ ಹೋಗುವಾಗಲೋ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೋ, ಇದಾವುದನ್ನೂ ಅವರು ತಿಳಿಸಿಲ್ಲ.

ಗಿರಿನಗರ_ಜಿಪ್ಸಿ:
ಕ್ಷಮಿಸಿ. 2008ರ ಗಾಡಿ. ಮೊದಲು 205/70 ಆರ್15 ಇತ್ತು, ಈಗ 235/75 ಆರ್15. ರಿಮ್ ಕಂಪನಿಯದೇ.

ರಾಮನಗರ_ಬಂಡೆ:
ಲೆಕ್ಕ ಹಾಕಿ ನೋಡಿ. ಟೈರಿನ ಮೊದಲ ಸಂಖ್ಯೆ ಮಿ.ಮೀ.ನಲ್ಲಿ ಅಗಲ, ಎರಡನೆಯದು ಬದಿಯ ಎತ್ತರ ಆ ಅಗಲದ ಶೇಕಡಾ ಎಷ್ಟೆಂಬುದು, ಕೊನೆಯದು ರಿಮ್ಮಿನ ಇಂಚು. ಹಳೆಯ ಟೈರಿನ ಎತ್ತರ 668 ಮಿ.ಮೀ., ಹೊಸತು ಸುಮಾರು 734. ನಡುವಿನಿಂದ ಅಂಚಿಗೆ 33 ಮಿ.ಮೀ. ಹೆಚ್ಚು, ಅಗಲದಲ್ಲಿ 30 ಹೆಚ್ಚು. ಕಂಪನಿಯ ರಿಮ್ಮಿನಲ್ಲಿ ಹೆಚ್ಚಿದ ಅಗಲದ ಅರ್ಧ ಒಳಗಡೆಗೆ ಬರುತ್ತದೆ. ತೊಂದರೆ ಇರುವುದು ರಿಮ್ಮಿನಲ್ಲಿ, ತಗಡಿನಲ್ಲಲ್ಲ. ಆಫ್‌ಸೆಟ್ ಬದಲಿಸಿ, ಅಂದರೆ ಗಾಲಿ ಇನ್ನಷ್ಟು ಹೊರಗೆ ಕೂರುವಂಥ ರಿಮ್ ಹಾಕಿ.

ಕೆಂಗೇರಿ_ಕೆಸರು:
ಗಾಲಿ ಹೊರಗೆ ಬಂದರೆ ತಿರುಗುವಾಗ ಇನ್ನೂ ದೊಡ್ಡ ಸುತ್ತು ಹಾಕುತ್ತದೆ, ಮಡ್‌ಗಾರ್ಡಿನ ಹಿಂಬದಿಗೆ ಹೆಚ್ಚೇ ತಾಗುತ್ತದೆ. ಆಫ್‌ಸೆಟ್ ಬದಲಿಸಿದರೆ ಇದು ಬಿಗಡಾಯಿಸುತ್ತದೆಯೇ ಹೊರತು ಸರಿಹೋಗುವುದಿಲ್ಲ.

ರಾಮನಗರ_ಬಂಡೆ:
ನನ್ನ ಗಾಡಿಯಲ್ಲಿ ಹೀಗೆ ಆಗಿಲ್ಲ. ಗಾಡಿಯನ್ನು ಎರಡಿಂಚು ಎತ್ತಿಸಿದ್ದೇನೆ, ಒಂದೇ ಗಾಲಿ ಸುಮ್ಮನೆ ತಿರುಗದಂತೆ ಮುಂದೆ ಹಿಂದೆ ಎರಡೂ ಕಡೆ ಲಾಕರ್ ಇದೆ, ಸಿಕ್ಕಿಕೊಂಡರೆ ಎಳೆಯಲು ವಿಂಚ್ ಇದೆ, ಸ್ಪ್ರಿಂಗಿನ ತುದಿ ಹಿಡಿಯುವ ಶಾಕಲ್ ಬದಲಿಸಿದ್ದೇನೆ. ಸಕಲೇಶಪುರದ ಮಳೆಯಲ್ಲಿ ಮೂರು ದಿನ ಓಡಿಸಿದರೂ ಒಂದೂ ಸಲ ಉಜ್ಜಲಿಲ್ಲ.

ನಾಗರಭಾವಿ_ಚಾಲಕ:
ಯಾರೂ ಕಾನೂನಿನ ಮಾತನ್ನೇ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದಿದೆ. ಹದಿನೈದು ವರ್ಷ ತುಂಬಿದ ಗಾಡಿ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಲೇಬೇಕು.

ರಾಮನಗರ_ಬಂಡೆ:
ಅಂಚಿನಲ್ಲಿ ಎರಡು ಬೆರಳು ತಗಡು ತೆಗೆದರೆ ಅದು ಮಾರ್ಪಾಡೇ? ಅಪಘಾತವಾಗಿ ಟಿಂಕರಿಂಗ್ ಮಾಡಿಸಿದವರೆಲ್ಲ ಅಪರಾಧಿಗಳೇ?

ನಾಗರಭಾವಿ_ಚಾಲಕ:
ರಿಪೇರಿ ಬೇರೆ, ಮಾರ್ಪಾಡು ಬೇರೆ. ಟೈರ್ ಅಳತೆಯೂ ಬದಲಾಗಿದೆ ಎಂಬುದನ್ನು ಮರೆಯಬೇಡಿ. ಎಚ್ಚರಿಸುವುದು ನನ್ನ ಕರ್ತವ್ಯ ಎಂದು ಬರೆದೆ.

ತಗಡು_ತಂತಿ:
ಆ ಚರ್ಚೆ ಮುಂದುವರಿಯಲಿ, ನಾನು ತಗಡಿನ ವಿಷಯ ಹೇಳುತ್ತೇನೆ. ತಂದೆಯವರು ಶಿವಾಜಿನಗರದಲ್ಲಿ ಟಿಂಕರಿಂಗ್ ಮಾಡುತ್ತಿದ್ದರು, ಕೆಲಸ ಕಲಿತದ್ದು ಅವರ ಪಕ್ಕದಲ್ಲಿ ನಿಂತು.

ಅಂಚು ಡೊಂಕಾಗುವುದಕ್ಕೆ ಡಿಸ್ಕ್ ಕಾರಣವಲ್ಲ. ಕಂಪನಿ ಆ ಅಂಚನ್ನು ಒಳಕ್ಕೆ ಮಡಚಿರುತ್ತದೆ, ತಗಡಿಗೆ ಬಿಗಿ ಬರುವುದು ಆ ಮಡಿಕೆಯಿಂದ. ನೀವು ಮಡಿಕೆಯನ್ನೇ ಕೊಯ್ದು ಹಾಕಿದಿರಿ. ಉಳಿದದ್ದು ಕಾಗದದಂತೆ ಅಲ್ಲಾಡುತ್ತದೆ. ಎರಡನೆಯ ಸಲ ಗ್ರೈಂಡರ್ ಇಟ್ಟಾಗ ತಗಡು ನಡುಗಿ ಗೆರೆ ತಪ್ಪಿದೆ. ಬಡಿದುಕೊಳ್ಳುವುದಕ್ಕೂ ಅದೇ ಕಾರಣ.

ಜಿಪ್ಸಿಯ ಮುಂದಿನ ಮಡ್‌ಗಾರ್ಡ್ ಬೋಲ್ಟಿನ ಮೇಲೆ ಕೂರುವಂಥದ್ದು. ಗುರುತನ್ನು ಗಾಡಿಯ ಮೇಲೆ ಹಾಕಿ, ಕತ್ತರಿಸುವುದನ್ನು ಬಿಚ್ಚಿ ಕೆಳಗಿಟ್ಟು ಮಾಡಿ. ಪೆಟ್ರೋಲ್ ಗಾಡಿಯ ಪಕ್ಕದಲ್ಲಿ ಕಿಡಿ ಹಾರಿಸಬೇಡಿ. ಕಿಡಿ ಗಾಜಿಗೆ ಬಿದ್ದರೆ ಕಚ್ಚಿಕೊಳ್ಳುತ್ತದೆ, ಬಣ್ಣಕ್ಕೆ ಬಿದ್ದರೆ ಒಂದು ಮಳೆ ಸಾಕು, ತುಕ್ಕಿನ ಚುಕ್ಕೆ ಏಳುತ್ತದೆ. ಬಿಚ್ಚಲಾಗದಿದ್ದರೆ ನೆನೆಸಿದ ಗೋಣಿಚೀಲ ಹೊದಿಸಿ. ಮುಖಕ್ಕೆ ಪೂರ್ತಿ ಮುಚ್ಚುವ ಕವಚ ಇರಲಿ, ಬರೀ ಕನ್ನಡಕ ಸಾಲದು.

ಗೆರೆಯನ್ನು ಕಣ್ಣಳತೆಯಲ್ಲಿ ಎಳೆಯಬೇಡಿ. ಬೇಕಾದ ದಪ್ಪದ ಮರದ ತುಂಡಿಗೆ ಪೆನ್ಸಿಲ್ ಕಟ್ಟಿ ಹಳೆಯ ಅಂಚಿಗೆ ಒತ್ತಿ ಸಾಗಿಸಿದರೆ ಗೆರೆ ತಾನಾಗಿ ಸಮಾನಾಂತರ ಬರುತ್ತದೆ. ಅದನ್ನು ರಟ್ಟಿನ ಮೇಲೆ ಇಳಿಸಿ, ರಟ್ಟನ್ನು ಮಗುಚಿ ಇನ್ನೊಂದು ಕಡೆಗೆ ಇಡಿ. ಆಗ ಎಡ ಬಲ ಒಂದೇ ಆಕಾರ. ಗೆರೆಗಿಂತ 12 ಮಿ.ಮೀ. ಹೆಚ್ಚು ತಗಡು ಬಿಟ್ಟು ಕೊಯ್ಯಿರಿ. ಆ ಹೆಚ್ಚುವರಿ ಭಾಗಕ್ಕೆ ಎರಡು ಎರಡೂವರೆ ಸೆಂ.ಮೀ.ಗೊಂದು ಸೀಳು ಕೊಟ್ಟು, ಹಿಂದೆ ಕಬ್ಬಿಣದ ಆಸರೆ ಹಿಡಿದು ಸುತ್ತಿಗೆಯಿಂದ ಒಳಕ್ಕೆ ಮಡಚಿ. ಮಡಿಕೆ ಮರಳಿ ಬಂದ ಹಾಗಾಯಿತು.

ನಿಮ್ಮಲ್ಲಿ ಮಡಚಲು ತಗಡೇ ಉಳಿದಿಲ್ಲ. ಆದ್ದರಿಂದ 6 ಮಿ.ಮೀ. ಕಂಬಿಯನ್ನು ಕಮಾನಿನ ಆಕಾರಕ್ಕೆ ಬಗ್ಗಿಸಿ ಅಂಚಿನ ಒಳಗಡೆ ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್ ಮಾಡಿಸಿ. ತಗಡಿನ ಬಕೆಟ್ಟಿನ ಬಾಯಿಗೆ ತಂತಿ ಕೂರಿಸುವುದು ಇದೇ ಉದ್ದೇಶಕ್ಕೆ. ವೆಲ್ಡಿಂಗನ್ನೂ ಬಿಚ್ಚಿಟ್ಟೇ ಮಾಡಿಸಿ, ಗಾಡಿಯ ಮೇಲಾದರೆ ಬ್ಯಾಟರಿ ಕಳಚಿ. ಸುಟ್ಟ ಬಣ್ಣವನ್ನು ಬರಿ ಲೋಹ ಕಾಣುವವರೆಗೆ ತೆಗೆದು ಸತುವಿನ ಪ್ರೈಮರ್ ಹಚ್ಚಿ. ಬಣ್ಣ ಪೂರ್ತಿ ಒಣಗುವ ಮೊದಲು ರಬ್ಬರ್ ಬೀಡಿಂಗ್ ಹಾಕಬೇಡಿ, ಅದರೊಳಗೆ ನೀರು ನಿಂತರೆ ಅಂಚು ಕಾಣದಂತೆ ಕೊಳೆಯುತ್ತದೆ.

ಗಿರಿನಗರ_ಜಿಪ್ಸಿ:
ಎಷ್ಟು ಕೃತಜ್ಞತೆ ಹೇಳಲಿ ಸರ್. ಕಂಬಿಯ ಉಪಾಯ ಖಂಡಿತ ಮಾಡುತ್ತೇನೆ. ಆದರೆ ಎಡಗಡೆ ಉಜ್ಜುವುದು?

ಎಂಎಂ540_ಯಲಹಂಕ:
ಎಡಗಡೆ ಮಾತ್ರವೇ?

ಗಿರಿನಗರ_ಜಿಪ್ಸಿ:
ಹೌದು. ಬಲಗಡೆ ಮೊದಲ ಭಾನುವಾರವೇ ಸರಿಹೋಯಿತು. ಎಡಗಡೆ ಮಡ್‌ಗಾರ್ಡಿನ ಹಿಂಭಾಗಕ್ಕೆ, ಬಾಗಿಲ ಕಡೆ ತಾಗುತ್ತದೆ. ಎರಡೂ ಒಂದೇ ಕಾಣಲೆಂದು ಬಲಗಡೆಯೂ ಎರಡನೆಯ ಸಲ ಕತ್ತರಿಸಿದೆ.

ರಾಮನಗರ_ಬಂಡೆ:
ಆಫ್‌ಸೆಟ್ ಎಂದು ಆಗಲೇ ಹೇಳಿದೆ.

ಎಂಎಂ540_ಯಲಹಂಕ:
ಆಫ್‌ಸೆಟ್ ಆಗಿದ್ದರೆ ಎರಡೂ ಕಡೆ ಉಜ್ಜಬೇಕಿತ್ತು ಸರ್. ಗಿರಿನಗರದವರೇ, ಗ್ರೈಂಡರ್ ಬದಿಗಿಡಿ, ಟೇಪ್ ಹಿಡಿಯಿರಿ. ಸಮತಟ್ಟಾದ ಜಾಗದಲ್ಲಿ ಗಾಲಿಗಳು ನೇರವಾಗಿರಲಿ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಎರಡೂ ಕಡೆ ಅಳೆಯಿರಿ. ಜಿಪ್ಸಿಯ ವೀಲ್‌ಬೇಸ್ 2375 ಮಿ.ಮೀ. ಇರಬೇಕು. ಇತ್ತೀಚೆಗೆ ಗಾಲಿಗಳ ಮೇಲಿನ ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳ ಕಟ್ಟು, ಬಿಚ್ಚಿಸಿದ್ದಿರಾ?

ಗಿರಿನಗರ_ಜಿಪ್ಸಿ:
ಈಗ ಅಳೆದು ಬಂದೆ. ಬಲಗಡೆ 2374. ಎಡಗಡೆ 2360. ಮೂರು ಸಲ ಅಳೆದೆ, ಅದೇ ಬಂತು. ಹೌದು, ಟೈರ್ ಹಾಕಿಸುವ ಮೊದಲು ಒಂದು ಗ್ಯಾರೇಜಿನಲ್ಲಿ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಸೇರಿಸಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದುಕೊಂಡು ಬರೆದಿರಲಿಲ್ಲ.

ಎಂಎಂ540_ಯಲಹಂಕ:
ಅಲ್ಲೇ ಇದೆ. ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಎರಡು ಗಾಲಿಗಳ ನಡುವಿನ ಆಕ್ಸಲ್ಲಿನ ಕುಳಿಯಲ್ಲಿ ಕೂರಬೇಕು, ಆಕ್ಸಲ್ ಎಲ್ಲಿ ನಿಲ್ಲಬೇಕೆಂದು ಹೇಳುವುದು ಅದೇ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಸಡಿಲವಿದ್ದರೆ ಆಕ್ಸಲ್ ಜಗ್ಗಿ ಜಗ್ಗಿ ಸೆಂಟರ್ ಬೋಲ್ಟನ್ನು ಕತ್ತರಿಸುತ್ತದೆ, ಆಮೇಲೆ ಆ ಬದಿಯ ಗಾಲಿ ಹಿಂದಕ್ಕೆ ಸರಿಯುತ್ತದೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತಿರಬೇಕಲ್ಲ? ದಯವಿಟ್ಟು ವೇಗವಾಗಿ ಓಡಿಸಬೇಡಿ, ನೈಸ್ ರಸ್ತೆಗಂತೂ ಒಯ್ಯಲೇಬೇಡಿ. ಜೆ.ಸಿ. ರಸ್ತೆಯಲ್ಲಿ ಸೆಂಟರ್ ಬೋಲ್ಟ್ ಸಿಗುತ್ತದೆ, ಯು ಬೋಲ್ಟ್ ನಾಲ್ಕನ್ನೂ ಹೊಸದಾಗಿ ಹಾಕಿಸಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸುವುದನ್ನು ಮರೆಯಬೇಡಿ. ಅದಾದ ಮೇಲೆ ಆಕ್ಸಲ್ಲಿನ ಕೆಳಗೆ ಜಾಕಿ ಕೊಟ್ಟು ಸ್ಪ್ರಿಂಗ್ ತನ್ನ ಮೇಲಿನ ಮಿತಿ ತಡೆಯುವ ಬಂಪ್ ಸ್ಟಾಪಿಗೆ ತಾಗುವವರೆಗೆ ಎತ್ತಿ, ಸ್ಟಿಯರಿಂಗ್ ಎರಡೂ ಕೊನೆಗೆ ತಿರುಗಿಸಿ ನೋಡಿ. ಈ ಪರೀಕ್ಷೆ ಕತ್ತರಿಸುವ ಮೊದಲೇ ಆಗಬೇಕಿತ್ತು.

ಗಿರಿನಗರ_ಜಿಪ್ಸಿ:
ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುವುದು ನಿಜ. ಹೊಸ ಟೈರಿನ ಗುಣವೆಂದು ಸುಮ್ಮನಿದ್ದೆ. ಇವತ್ತಿನಿಂದ ಗಾಡಿ ತೆಗೆಯುವುದಿಲ್ಲ, ಮೆಕ್ಯಾನಿಕ್ಕನ್ನು ಮನೆಗೇ ಕರೆಸುತ್ತೇನೆ.

ನಾಗರಭಾವಿ_ಚಾಲಕ:
ಒಳ್ಳೆಯ ನಿರ್ಧಾರ. ಹಳೆಯ ಅಳತೆಯ ಟೈರನ್ನೇ ಮರಳಿ ಹಾಕುವುದನ್ನೂ ಯೋಚಿಸಿ.

ರಾಮನಗರ_ಬಂಡೆ:
235 ಬಿಟ್ಟು ಹಿಂದಕ್ಕೆ ಹೋಗಬೇಡಿ. ನನ್ನ ಗಾಡಿಯ ಚಿತ್ರಗಳನ್ನು ಸಂಜೆ ಹಾಕುತ್ತೇನೆ.

ಗಿರಿನಗರ_ಜಿಪ್ಸಿ:
ತಗಡು_ತಂತಿ ಸರ್, ಕೊನೆಯದೊಂದು ಪ್ರಶ್ನೆ. ಎರಡನೆಯ ಸಲ ಕತ್ತರಿಸಬೇಕಿರಲಿಲ್ಲವೆಂದು ಈಗ ತಿಳಿಯಿತು. ಹೋದ ಆ ಒಂದು ಬೆರಳಿನಷ್ಟು ತಗಡನ್ನು ಪಟ್ಟಿ ಸೇರಿಸಿ ಮರಳಿ ಪಡೆಯಬಹುದೇ? ಅಥವಾ ಗುಜರಿಯಲ್ಲಿ ಹಳೆಯ ಜೋಡಿ ಮಡ್‌ಗಾರ್ಡ್ ಹುಡುಕಿ, ರಟ್ಟಿನ ಅಳತೆಯಿಂದ ಮೊದಲಿನಿಂದ ಮಾಡುವುದು ಮೇಲೇ?