ಚಹಾ ಅಗ್ಗವಾಗಿದ್ದರೂ ಬಾಸ್ಟನ್ನಿನವರು ಅದನ್ನು ನೀರಿಗೆ ಸುರಿದದ್ದೇಕೆ?

ನ್ಯೂಜೆರ್ಸಿಯಿಂದ ಪ್ರಶ್ನೆ: ಮಗಳು ಐದನೇ ಗ್ರೇಡ್. ಶಾಲೇಲಿ ಅಮೆರಿಕನ್ ಕ್ರಾಂತಿಯ ಪಾಠ ನಡೀತಿದೆ. "ರಾಜ ಜಾಸ್ತಿ ಟ್ಯಾಕ್ಸ್ ಹಾಕಿದ, ಅದಕ್ಕೇ ಯುದ್ಧ ಆಯ್ತು" ಅಂತಾಳೆ. ಆದ್ರೆ 1773ರಲ್ಲಿ ಚಹಾದ ಬೆಲೆ ಇಳಿದಿತ್ತಂತೆ. ಹಾಗಿದ್ರೆ ಸಿಟ್ಟು ಯಾಕೆ? ನಾವು ಓದಿದ್ದು ದಂಡಿ, ಅಂಕೋಲಾದ ಉಪ್ಪಿನ ಸತ್ಯಾಗ್ರಹ. ಇದನ್ನ ಹೇಗೆ ಹೇಳಿಕೊಡೋದು?

ಉತ್ತರ, ಮ್ಯಾಸಚೂಸೆಟ್ಸ್‌ನಿಂದ: ನೀವು ಕೇಳಿದ್ದು ಸರಿಯಾಗೇ ಇದೆ ಅಕ್ಕಾ, ಬೆಲೆ ಇಳಿದಿತ್ತು. ವಸಾಹತಿನವರು ಕಟ್ಟುತ್ತಿದ್ದ ತೆರಿಗೆ ಬ್ರಿಟನ್ನಿನ ಜನ ಕಟ್ಟುತ್ತಿದ್ದುದಕ್ಕಿಂತ ಬಹಳ ಕಡಿಮೆ. ಹಾಗಾಗಿ ಮಗಳಿಗೆ ಎರಡು ಪ್ರಶ್ನೆ ಕೊಡಿ: ತೆರಿಗೆ ಹಾಕಿದವರು ಯಾರು? ಆ ದುಡ್ಡಿನಲ್ಲಿ ಸಂಬಳ ಸಿಕ್ಕಿದ್ದು ಯಾರಿಗೆ? ಪಾಠದ ಒಂದೊಂದು ಕಾಯ್ದೆಗೂ ಇದೇ ಎರಡನ್ನು ಕೇಳುತ್ತಾ ಹೋಗಲಿ.

1763ರಿಂದ ಶುರು ಮಾಡಿ. ಫ್ರಾನ್ಸಿನ ಜೊತೆಗಿನ ಏಳು ವರ್ಷಗಳ ಯುದ್ಧ ಮುಗಿದಾಗ ಬ್ರಿಟನ್ನಿನ ಸಾಲ ಸುಮಾರು 7.5 ಕೋಟಿ ಪೌಂಡಿನಿಂದ 13 ಕೋಟಿಯ ಆಸುಪಾಸಿಗೆ ಏರಿತ್ತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡಬೇಕು, ಅದರ ಖರ್ಚಿಗೆ ವಸಾಹತುಗಳೂ ಕೈ ಹಚ್ಚಲಿ ಎಂದು ಲಂಡನ್ ಲೆಕ್ಕ ಹಾಕಿತು. ಅವರ ದೃಷ್ಟಿಯಿಂದ ಇದು ಅನ್ಯಾಯದ ಮಾತೇನಲ್ಲ; ಮಕ್ಕಳಿಗೆ ಇದನ್ನೂ ಹೇಳಬೇಕು.

1764ರಲ್ಲಿ ಕಾಕಂಬಿಯ ಸುಂಕ ಗ್ಯಾಲನ್ನಿಗೆ 6 ಪೆನ್ಸ್ ಇದ್ದದ್ದು 3ಕ್ಕೆ ಇಳಿಯಿತು. ಇಳಿದದ್ದಕ್ಕೇ ಗಲಾಟೆ! ಹಳೆಯ 6 ಪೆನ್ಸನ್ನು ಹೆಚ್ಚಿನವರು ಕಟ್ಟುತ್ತಲೇ ಇರಲಿಲ್ಲ. ಕಸ್ಟಮ್ಸ್‌ನವರ ಕೈ ಬೆಚ್ಚಗೆ ಮಾಡಿದರೆ ಮುಗಿಯುತ್ತಿತ್ತು. ಹೊಸ 3 ಪೆನ್ಸನ್ನು ನಿಜವಾಗಿ ವಸೂಲು ಮಾಡಲು ಹೊರಟರು. ಸಿಕ್ಕಿಬಿದ್ದವರನ್ನು ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯದಲ್ಲಿ ವಿಚಾರಿಸಬಹುದಿತ್ತು.

1765ರದು ಛಾಪಾ ಕಾಗದದ ಕಾಯ್ದೆ (ಸ್ಟ್ಯಾಂಪ್ ಆ್ಯಕ್ಟ್). ಇಸ್ಪೀಟಿನ ಕಟ್ಟಿಗೆ 1 ಶಿಲಿಂಗ್, ಕಾಲೇಜಿನ ಪದವಿ ಪತ್ರಕ್ಕೆ 2 ಪೌಂಡ್, ವಕೀಲಿ ಸನ್ನದಿಗೆ 10 ಪೌಂಡ್. ಪತ್ರಿಕೆಗೂ ಛಾಪಾ, ಅದರೊಳಗಿನ ಜಾಹೀರಾತಿಗೂ 2 ಶಿಲಿಂಗ್. ಪೆಟ್ಟು ಬಿದ್ದದ್ದು ಮುದ್ರಕರು, ವಕೀಲರು, ವ್ಯಾಪಾರಿಗಳ ಮೇಲೆ, ಅಂದರೆ ಊರಿಗೆಲ್ಲ ಸುದ್ದಿ ಮುಟ್ಟಿಸಬಲ್ಲವರ ಮೇಲೆಯೇ. ನವೆಂಬರ್ 1ಕ್ಕೆ ಕಾಯ್ದೆ ಜಾರಿಗೆ ಬರುವ ಹೊತ್ತಿಗೆ ಛಾಪಾ ಹಂಚಬೇಕಾದವರನ್ನೇ ಜನ ಹೆದರಿಸಿ ರಾಜೀನಾಮೆ ಕೊಡಿಸಿದ್ದರು. 1766ರ ಮಾರ್ಚಿನಲ್ಲಿ ಕಾಯ್ದೆ ರದ್ದಾಯಿತು. ಅದರ ಜೊತೆಗೇ, ವಸಾಹತುಗಳ ಮೇಲೆ ಯಾವ ವಿಷಯದಲ್ಲಾದರೂ ಶಾಸನ ಮಾಡುವ ಹಕ್ಕು ನಮಗಿದೆ ಎಂದು ಪಾರ್ಲಿಮೆಂಟು ಇನ್ನೊಂದು ಕಾಯ್ದೆ ಬರೆದಿಟ್ಟಿತು. ಶಾಲೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ದಾಟಿಸುತ್ತಾರೆ; ನನ್ನ ಮಟ್ಟಿಗೆ ಪಾಠದ ಬೇರು ಇಲ್ಲಿದೆ.

ಸಂಬಳದ ಮಾತು ಬರುವುದು 1767ರ ಟೌನ್‌ಶೆಂಡ್ ಕಾಯ್ದೆಗಳಲ್ಲಿ. ಗಾಜು, ಸೀಸ, ಬಣ್ಣ, ಕಾಗದ, ಚಹಾಗಳಿಗೆ ಸುಂಕ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ಗವರ್ನರನ ಸಂಬಳವನ್ನು ಅಲ್ಲಿಯವರೆಗೂ ಪ್ರಾಂತೀಯ ಸಭೆಯೇ ಮಂಜೂರು ಮಾಡುತ್ತಿತ್ತು. ಲಂಡನ್ನಿನಿಂದ ನೇಮಕವಾಗಿ ಬಂದವನನ್ನು ಜನರ ಮಾತು ಕೇಳುವಂತೆ ಮಾಡಲು ಅವರ ಕೈಲಿದ್ದ ಲಗಾಮು ಅದು. ಸುಂಕದ ದುಡ್ಡಿನಿಂದ ಗವರ್ನರನಿಗೂ ನ್ಯಾಯಾಧೀಶರಿಗೂ ನೇರ ಸಂಬಳ ಹೋದರೆ ಆ ಲಗಾಮು ತಪ್ಪುತ್ತದೆ. 1770ರಲ್ಲಿ ಉಳಿದ ಸುಂಕಗಳನ್ನು ತೆಗೆದರೂ ಒಂದು ಪೌಂಡು ತೂಕದ ಚಹಾಕ್ಕೆ 3 ಪೆನ್ಸನ್ನು ಹಕ್ಕಿನ ಗುರುತಾಗಿ ಉಳಿಸಿಕೊಂಡರು. 1772ರಲ್ಲಿ ಗವರ್ನರ್ ಹಚಿನ್‌ಸನ್ ತನ್ನ ಸಂಬಳ ಇನ್ನು ಮುಂದೆ ರಾಜನ ಖಜಾನೆಯಿಂದ ಎಂದೂ ಘೋಷಿಸಿದ.

1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ದಿವಾಳಿಯ ಅಂಚಿನಲ್ಲಿತ್ತು, ಲಂಡನ್ನಿನ ಗೋದಾಮುಗಳಲ್ಲಿ ಲಕ್ಷಾಂತರ ಪೌಂಡು ಚಹಾ ಕೊಳೆಯುತ್ತಿತ್ತು. ಅದನ್ನು ತನ್ನದೇ ಏಜೆಂಟರ ಮೂಲಕ ಅಮೆರಿಕದಲ್ಲಿ ನೇರವಾಗಿ ಮಾರಲು ಬಿಟ್ಟು, ಬ್ರಿಟನ್ನಿನ ಆಮದು ಸುಂಕವನ್ನು ಮನ್ನಾ ಮಾಡಿದರು. ಡಚ್ಚರ ಕಳ್ಳಮಾಲಿಗಿಂತ ಇದೇ ಅಗ್ಗವಾಗುವಂತಾಯಿತು. ಸ್ಥಳೀಯ ವ್ಯಾಪಾರಿಗಳ ಹೊಟ್ಟೆಗೆ ಹೊಡೆತ. ಅಗ್ಗ ಎಂದು ಕೊಂಡವನು 3 ಪೆನ್ಸಿನ ಹಕ್ಕನ್ನು ಸದ್ದಿಲ್ಲದೆ ಒಪ್ಪಿಕೊಂಡಂತೆ.

ಚಹಾ ಸುರಿದದ್ದು ಡಿಸೆಂಬರ್ 16ರ ರಾತ್ರಿಯೇ ಏಕೆ? ಹಡಗು ಬಂದ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಕಸ್ಟಮ್ಸ್‌ನವರು ಸರಕನ್ನು ಜಪ್ತಿ ಮಾಡಬಹುದಿತ್ತು; ಆಗ ಅದು ಮಾರಾಟವಾಗಿ ಸುಂಕವೂ ವಸೂಲಾದಂತೆಯೇ. ಡಾರ್ಟ್‌ಮೌತ್ ಹಡಗಿನ ಗಡುವು ಮರುದಿನಕ್ಕೆ ಮುಗಿಯುತ್ತಿತ್ತು, ಹಚಿನ್‌ಸನ್ ಅದನ್ನು ವಾಪಸು ಹೋಗಲು ಬಿಡಲಿಲ್ಲ. ಚಹಾದ ಏಜೆಂಟರಲ್ಲಿ ಅವನ ಮಕ್ಕಳೂ ಇದ್ದರು. ಮೂರು ಹಡಗುಗಳಿಂದ 342 ಪೆಟ್ಟಿಗೆ ನೀರಿಗೆ ಬಿತ್ತು. ನಮ್ಮ ಮಕ್ಕಳು ಅದನ್ನು ಅಸ್ಸಾಂ ಚಹಾ ಎಂದುಕೊಳ್ಳುತ್ತಾರೆ. ಅದು ಚೀನಾದ್ದು, ಅಸ್ಸಾಮಿನ ತೋಟಗಳು ಎದ್ದದ್ದು 1830ರ ದಶಕದಲ್ಲಿ.

ಇನ್ನೊಂದು ಮಾತನ್ನು ಮುಚ್ಚಿಡಬೇಡಿ. ಸ್ವಾತಂತ್ರ್ಯ ಎಂದು ಕೂಗಿದ ಹಲವರು ಮನುಷ್ಯರನ್ನೇ ಗುಲಾಮರಾಗಿ ಇಟ್ಟುಕೊಂಡಿದ್ದರು. 1763ರಲ್ಲಿ ಅಪಲಾಚಿಯನ್ ಬೆಟ್ಟಗಳಾಚೆ ನೆಲೆಸಬಾರದೆಂದು ರಾಜ ಹೊರಡಿಸಿದ ಆಜ್ಞೆಯ ಮೇಲಿನ ಸಿಟ್ಟಿನಲ್ಲಿ ಮೂಲನಿವಾಸಿಗಳ ನೆಲದ ಆಸೆಯೂ ಇತ್ತು.

ಟೆಕ್ಸಸ್‌ನಿಂದ: ವಾರಾಂತ್ಯದ ಕನ್ನಡ ತರಗತಿಯಲ್ಲಿ ಆಡಿಸಬಹುದಾದ ಆಟ: ಪ್ರತಿ ಮಗುವಿಗೆ 20 ರಾಜ್ಮಾ ಕಾಳು ಕೊಡಿ. ಮೊದಲ ಸುತ್ತಲ್ಲಿ ಮಕ್ಕಳೇ ಕೈ ಎತ್ತಿ ತೀರ್ಮಾನಿಸಿ, ಎಲ್ಲರೂ ಆಡೋ ಚೆಂಡಿಗಾಗಿ ತಲಾ 5 ಕಾಳು ಹಾಕಲಿ. ಎರಡನೇ ಸುತ್ತಲ್ಲಿ ಪಕ್ಕದ ಕೋಣೆಯಿಂದ ಚೀಟಿ ಬರಲಿ: ತಲಾ 2 ಕಾಳು ಕೊಡಿ, ಕಾರಣ ಕೇಳಬೇಡಿ. ಮೂರನೇ ಸುತ್ತಲ್ಲಿ ಒಂದೇ ಕಾಳು, ಆದ್ರೆ ಅದು ಲೀಡರಿಗೆ ಸಂಬಳ. ಅವನು ಇನ್ಮುಂದೆ ಆ ಕೋಣೆಯವರ ಮಾತು ಕೇಳ್ತಾನೆ. ಆಮೇಲೆ ಯಾವ ಸುತ್ತು ಸರಿ ಅನ್ನಿಸ್ಲಿಲ್ಲ, ಯಾಕೆ ಅಂತ ಕೇಳಿ. ಮೊದಲ ಸುತ್ತು ಬಿಟ್ರೆ ಆಟ ಕೆಡುತ್ತೆ, "ತೆರಿಗೆ ಅಂದ್ರೇ ಕೆಟ್ಟದ್ದು" ಅಂತ ಕಲಿತು ಹೋಗ್ತಾರೆ. ಚಾಕೊಲೇಟ್ ಇಡಬೇಡಿ, ಮೂರನೇ ಸುತ್ತಿಗೆ ಉಳಿಯಲ್ಲ.

ಪೆನ್ಸಿಲ್ವೇನಿಯದಿಂದ: ಪ್ರಾಜೆಕ್ಟಿಗೆ ಮೈಸೂರಿನ ನಂಟೂ ಸೇರಿಸಬಹುದು. 1769ರಲ್ಲಿ ಹೈದರಾಲಿ ಕರ್ನಾಟಿಕ್‌ಗೆ (ಈಗಿನ ತಮಿಳುನಾಡಿನ ಕಡೆಗೆ) ನುಗ್ಗಿದ ಸುದ್ದಿ ಮುಟ್ಟಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯಿತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಅಮೆರಿಕದ ನೌಕಾಧಿಕಾರಿ ಜೋಶುವಾ ಬಾರ್ನಿ ಹಿಡಿದ. ಅವನು ನಡೆಸುತ್ತಿದ್ದ ಪೆನ್ಸಿಲ್ವೇನಿಯದ ಹಡಗಿನ ಹೆಸರು ಹೈದರ್ ಅಲಿ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡದ್ದು. ಆದರೆ "ಮೈಸೂರು ಅಮೆರಿಕದ ಮಿತ್ರರಾಷ್ಟ್ರ" ಎಂದು ಬರೆಸಬೇಡಿ. ಇಬ್ಬರ ನಡುವೆ ಒಪ್ಪಂದ ಇರಲಿಲ್ಲ. ಇಬ್ಬರಿಗೂ ಫ್ರೆಂಚರ ನೆರವಿತ್ತು, ಅಷ್ಟೇ.